ಚೀಟಿ ಡಬ್ಬಿ ಹಿಡಿದವಳು

ಆ ಕೋಣೆಗೆ ಕಾಲಿಟ್ಟ ಕೂಡಲೇ ಮೇಚಿ ಮೂಗು ಮುಚ್ಚಿಕೊಂಡಳು. ತೈಪೆಯ ಬಾದ ರಸ್ತೆಯಲ್ಲಿ ಶ್ಯೇ ಅಣ್ಣನ ಕಂಪ್ಯೂಟರ್ ಅಂಗಡಿಯ ಮೇಲಿನ ಮಹಡಿ ಅದು. ಕಿಟಕಿ ತೆರೆಯುವಂತಿಲ್ಲ, ಯಂತ್ರಗಳ ಮೇಲೆ ಧೂಳು ಕೂರುತ್ತದೆ. ಫ್ಯಾನ್ ಹಾಕುವಂತಿಲ್ಲ, ಯಂತ್ರದ ಬಿಸಿಯ ಅಳತೆ ಕೆಡುತ್ತದೆ. ಹೀಗಾಗಿ ಕರಿದ ಕೋಳಿಯ ಎಣ್ಣೆ, ಸ್ಕೂಟರಿನಲ್ಲಿ ಬಂದವರ ಬೆವರು, ಬಾಗಿಲಲ್ಲಿ ಬಿಟ್ಟ ಬೂಟುಗಳ ನಾತ ಎಲ್ಲವೂ ಒಂದಾಗಿ ಅಲ್ಲೇ ಸುತ್ತುತ್ತಿತ್ತು. ಅಲ್ಲಿ ಸೇರುತ್ತಿದ್ದುದು ಕಂಪ್ಯೂಟರ್ ಹುಚ್ಚರ ಗುಂಪು. ಈ ಜನ ಕಂಪ್ಯೂಟರಿನ ಚಿಪ್ಪಿನ ಬಿಸಿ ಎರಡು ಡಿಗ್ರಿ ಏರಿದರೆ ಎದೆ ಬಡಿದುಕೊಳ್ಳುತ್ತಾರೆ, ತಮ್ಮ ಅಂಗಿ ತೊಯ್ದು ಬೆನ್ನಿಗಂಟಿದ್ದು ಗೊತ್ತಾಗುವುದಿಲ್ಲ.

ಹಾಗೆಂದು ಅವಳೇನೂ ಹೊರಗಿನವಳಲ್ಲ. ಕಂಪ್ಯೂಟರ್ ಆಟಗಳ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ವಿದ್ಯುತ್ತನ್ನು ಚೂರುಚೂರೇ ತಗ್ಗಿಸುತ್ತ, ವೇಗವೂ ಕೆಡದ ಹಾಗೆ ಅದನ್ನು ತಣ್ಣಗಿಡುವ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಗುಂಪಿನಲ್ಲಿರಲಿಲ್ಲ. ಶೆನ್ ಶಿಮಿನ್ ಅವಳಿಗೆ ಗಂಟುಬಿದ್ದದ್ದೂ ಇಲ್ಲಿಯೇ. ಈಗ ಅವರ ಮದುವೆಗೆ ದಿನ ಗೊತ್ತಾಗಿ ನೆಂಟರಿಗೆಲ್ಲ ಹೇಳಿಯಾಗಿತ್ತು. ಗುಂಪಿನವರಂತೂ ಮದುವೆಗೆ ಮೊದಲೇ ಅವಳನ್ನು ಅತ್ತಿಗೆ ಎನ್ನತೊಡಗಿದ್ದರು.

“ಬನ್ನಿ ಅತ್ತಿಗೆ, ಬನ್ನಿ! ಇದನ್ನ ನೋಡಿ ಪುಣ್ಯ ಕಟ್ಕೊಳ್ಳಿ” ಎಂದು ದೂ ಕೂಗಿದ. ದೂ ಎಂದರೆ ಬಾಯಿ ತುಂಬ ತಿಂಡಿ, ಬಾಯಿ ತುಂಬ ಮಾತು. ತನ್ನ ಕಂಪ್ಯೂಟರಿನ ಸಮೇತ ಹೊಸ ಮಾನಿಟರೊಂದನ್ನು ಹಾಸಿಗೆಯ ರಜಾಯಿಯಲ್ಲಿ ಸುತ್ತಿ, ಎಳೆಗೂಸನ್ನು ತಂದ ಹಾಗೆ ಸ್ಕೂಟರಿನಲ್ಲಿ ತಂದಿದ್ದ. “ಇದ್ರಲ್ಲಿ ಕಪ್ಪು ಅಂದ್ರೆ ಕಪ್ಪು. ದೀಪ ಆರಿಸಿದ್ರೆ ಪರದೆ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.”

“ಒಂದು ವರ್ಷ ಕಳೀಲಿ ಕಣೋ” ಎಂದರು ಹಲ್ಲಿನ ಡಾಕ್ಟರ್ ಲಾನ್. ಅವರು ಹಳೆಯ ಬಗೆಯ ಪರದೆಯ ಪಕ್ಷ. “ಪರದೆ ಮೂಲೇಲಿರೋ ಗಡಿಯಾರ ಅಲ್ಲೇ ಅಚ್ಚೊತ್ಕೊಂಡು ಕೂತಿರುತ್ತೆ. ಆಗ ಬಂದು ನನ್ನ ಹತ್ರ ಅಳು.”

“ನಿಮ್ಮ ಪರದೇಲಿ ಕಪ್ಪು ಅಂದ್ರೆ ನೀರು ಬೆರೆಸಿದ ಸೋಯಾ ಸಾಸು ಡಾಕ್ಟ್ರೇ. ಅದೂ ಹೋಗ್ಲಿ, ಇದು ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ತೋರಿಸುತ್ತೆ. ಒಂದು ವಾರ ಇದನ್ನ ನೋಡಿದ ಮೇಲೆ ಬೇರೆಯವರ ಮನೆ ಪರದೆ ನೋಡಿದ್ರೆ ತಲೆಸುತ್ತು ಬರ್ತಿದೆ ನನಗೆ.”

ಮೇಚಿ ಮೌಸ್ ಹಿಡಿದು ಪರದೆಯ ಮೇಲೆ ಬಾಣವನ್ನು ಅತ್ತಿಂದಿತ್ತ ಆಡಿಸಿದಳು. ಒಮ್ಮೆ ಆಡಿಸಿದ್ದೇ ಸಾಕಾಯಿತು.

“ದೂ, ಇದು ಅರವತ್ತರಲ್ಲೇ ಓಡ್ತಿದೆ. ಸೆಟ್ಟಿಂಗು ಬದಲಾಯಿಸೇ ಇಲ್ಲ ನೀನು.”

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. “ತಲೆಸುತ್ತು ಹೊಟ್ಟೆಬಾಕತನದಿಂದ ಬಂದಿರ್ಬೇಕು, ಕೋಳಿ ಕಡಿಮೆ ಮಾಡು” ಎಂದು ಶ್ಯೇ ಅಣ್ಣ ಅವನ ಬೆನ್ನಿಗೆ ಗುದ್ದಿದ. ದೂ ಎಣ್ಣೆಗೈಯಿಂದಲೇ ಸೆಟ್ಟಿಂಗ್ ತಡಕಾಡಿದ. ಮೇಚಿಗೆ ನಗು ಬರಲಿಲ್ಲ. ವಾರವಿಡೀ ಇಲ್ಲದ್ದನ್ನು ಕಂಡೆ ಕಂಡೆ ಎಂದು ಊರಿಗೆಲ್ಲ ಸಾರಿದವನು ಈಗ ನಾಚಿಕೆಯಿಲ್ಲದೆ ಹಲ್ಲು ಕಿರಿಯುತ್ತಿದ್ದುದು ಅವಳಿಗೆ ಅಸಹ್ಯವೆನಿಸಿತು.

ಅಂದು ಅವರೆಲ್ಲ ಸೇರಿದ್ದು ಚೀಟಿ ಎತ್ತುವುದಕ್ಕೆ. ಒಟ್ಟಾಗಿ ಕೊಂಡರೆ ಅಗ್ಗವೆಂದು ಗುಂಪಿನ ಹತ್ತು ಮಂದಿ ಒಂದೇ ಬಗೆಯ ಹತ್ತು ಗ್ರಾಫಿಕ್ಸ್ ಕಾರ್ಡು ತರಿಸಿದ್ದರು. ಒಂದೇ ಕಾರ್ಖಾನೆಯಲ್ಲಿ, ಒಂದೇ ಅಚ್ಚಿನಲ್ಲಿ ಆದರೂ ಕಾರ್ಡಿನೊಳಗಿನ ಎರಡು ಚಿಪ್ಪು ಒಂದೇ ಥರ ಇರುವುದಿಲ್ಲ. ಒಂದು ಕಡಿಮೆ ವಿದ್ಯುತ್ತಿನಲ್ಲಿ ತಣ್ಣಗೆ ಓಡುತ್ತದೆ, ಇನ್ನೊಂದು ಎಷ್ಟು ತಿದ್ದಿದರೂ ಒಲೆಯಾಗುತ್ತದೆ. ಒಳ್ಳೆಯದು ಯಾರ ಪಾಲಿಗೆ ಬರುತ್ತದೋ ಅದು ಅವರ ಅದೃಷ್ಟ. ಅದಕ್ಕೇ ಇಲ್ಲಿ ಕಟ್ಟಳೆ: ಪೆಟ್ಟಿಗೆ ಒಡೆಯದೆ ತರಬೇಕು, ನಂಬರು ಹಾಕಿ ಚೀಟಿ ಎತ್ತಬೇಕು, ಎಲ್ಲರೆದುರು ಬಿಚ್ಚಬೇಕು. ಡಬ್ಬಿ ಹಿಡಿದವರು ತಮಗೆಂದು ಚೀಟಿ ಎತ್ತುವಂತಿಲ್ಲ, ಕೊನೆಗೆ ಉಳಿದ ಪೆಟ್ಟಿಗೆ ಅವರದು.

ಡಬ್ಬಿ ಹಿಡಿಯುವುದು ಯಾವಾಗಲೂ ಮೇಚಿಯೇ. ಹಿಂದೊಮ್ಮೆ ಶ್ಯೇ ಅಣ್ಣ ಯಾರೋ ಹಿಂದಿರುಗಿಸಿದ ಮಾನಿಟರನ್ನು ಹೊಸದೆಂದು ಮಾರಲು ಹೋದಾಗ, ತುಂಬಿದ ಅಂಗಡಿಯಲ್ಲಿ ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ಅವಳು. ಅಂದಿನಿಂದ ಶ್ಯೇ ಅಣ್ಣನೇ, “ಮೇಚಿ ಕೈ ಹಾಕಿದ್ರೆ ಮುಗೀತು, ಇನ್ನು ಯಾರೂ ಉಸಿರೆತ್ತೋ ಹಾಗಿಲ್ಲ” ಎನ್ನುತ್ತಿದ್ದ. ದೂರದ ತೈಚುಂಗ್‌ನಿಂದ ರೈಲು ಹತ್ತಿ ಬಂದಿದ್ದವರೂ ಆ ಮಾತನ್ನು ನಂಬಿಯೇ ಬಂದಿದ್ದರು. ಅವಳಿಗೂ ಆ ಹೆಸರಿನ ಮೇಲೆ ಆಸೆಯಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೆ.

ಪೆಟ್ಟಿಗೆಗಳನ್ನು ತಂದವನು ಶಿಮಿನ್. ಅವನು ಕೆಲಸಕ್ಕಿದ್ದ ಸಗಟು ಮಳಿಗೆಯಿಂದಲೇ ಸರಕು ಬಂದಿತ್ತು. ಚೀಟಿಗಳನ್ನೂ ಅವನೇ ಬರೆದು, ಮಡಚಿ, ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿ ತಂದಿದ್ದ. ಮೇಚಿ ಡಬ್ಬಿ ಕುಲುಕಿ ಒಬ್ಬೊಬ್ಬರ ಹೆಸರು ಕೂಗಿ ಒಂದೊಂದು ಎತ್ತಿಕೊಟ್ಟಳು. ಎಲ್ಲರದೂ ಮುಗಿದು ಏಳನೇ ಪೆಟ್ಟಿಗೆ ಉಳಿಯಿತು. ಡಬ್ಬಿಯ ತಳ ನೋಡುವ ಗೋಜಿಗೆ ಹೋಗದೆ ಅದನ್ನು ಅವಳು ಪಕ್ಕಕ್ಕಿಟ್ಟುಕೊಂಡಳು.

ಡಾಕ್ಟರ್ ಲಾನ್ ಮೊದಲು ಬಿಚ್ಚಿದರು. ಕಾರ್ಡನ್ನು ಎರಡು ಕೈಯಲ್ಲೆತ್ತಿ ಎಲ್ಲರಿಗೂ ತೋರಿಸುವಾಗ ಮೇಚಿಯ ಕಣ್ಣು ಅದರ ಅಂಚಿನ ಪುಟ್ಟ ಸ್ವಿಚ್ಚಿನ ಮೇಲೆ ಬಿತ್ತು. ಆ ಸ್ವಿಚ್ಚಿಗೆ ಎರಡು ಮಗ್ಗುಲು. ಒಂದು ಪೂರಾ ವೇಗಕ್ಕೆ, ಇನ್ನೊಂದು ಸದ್ದು ಕಡಿಮೆ ಮಾಡುವುದಕ್ಕೆ. ಕಾರ್ಖಾನೆಯಿಂದ ಬರುವಾಗ ಪೂರಾ ವೇಗದ ಕಡೆಗೇ ಇರುತ್ತದೆ. ಇದು ಸದ್ದಿಲ್ಲದ ಕಡೆಗಿತ್ತು. ಬಿಚ್ಚುವಾಗ ಡಾಕ್ಟರ ಬೆರಳು ತಗುಲಿರಬಹುದು ಎಂದುಕೊಂಡಳು. ದೂ ತನ್ನದನ್ನು ಬಿಚ್ಚಿದ. ಅದೂ ಹಾಗೇ. ಮೂರನೆಯದೂ, ಉಳಿದವರು ಬಿಚ್ಚಿದವೂ ಹಾಗೇ. ಅವಳು ಶಿಮಿನ್‌ನ ಕಡೆ ನೋಡಿದಳು.

ಆ ಗುಂಪಿನಲ್ಲಿ ಕಾರ್ಡು ಕೈಗೆ ಬಂದ ಕೂಡಲೇ ಸ್ವಿಚ್ಚನ್ನು ಸದ್ದಿಲ್ಲದ ಕಡೆಗೆ ತಳ್ಳುವವನು ಒಬ್ಬನೇ. ಶಿಮಿನ್‌ನ ಮನೆಯ ಗೋಡೆ ತೆಳು, ಆಚೆ ಕೋಣೆಯಲ್ಲಿ ಅವನ ತಾಯಿ ಧಾರಾವಾಹಿ ನೋಡುತ್ತಾಳೆ, ಫ್ಯಾನು ಜೋರಾದರೆ ಗೋಡೆ ಬಡಿಯುತ್ತಾಳೆ. ವರ್ಷಾನುಗಟ್ಟಲೆಯ ರೂಢಿ ಅದು. ಬೇರೆ ಯಾವ ಕಳ್ಳನಾದರೂ ತೆಗೆದದ್ದನ್ನು ಇದ್ದ ಹಾಗೇ ಇಡಲು ನೆನಪಿಟ್ಟುಕೊಳ್ಳುತ್ತಿದ್ದ. ಇವನ ಕಣ್ಣಿಗೆ ಸ್ವಿಚ್ಚು ಇರಬೇಕಾದ ಜಾಗವೇ ಅದು. ಪೆಟ್ಟಿಗೆಗಳ ಅಂಟುಪಟ್ಟಿಯನ್ನು ಬಿಸಿಗಾಳಿಯಲ್ಲಿ ನಯವಾಗಿ ಎಬ್ಬಿಸಿ ಮತ್ತೆ ಅಂಟಿಸಿದವನಿಗೆ ಅದೊಂದು ಹೊಳೆಯಲೇ ಇಲ್ಲ.

“ಶಿಮಿನ್, ನೀನು ಇವನ್ನ ಬಿಚ್ಚಿದ್ದೆಯಾ?” ಎಂದು ಮೆಲ್ಲಗೆ ಕೇಳಿದಳು. ಇಲ್ಲ ಅಂದುಬಿಡಲಿ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

ಅವನು ಕಣ್ಣು ಮಿಟುಕಿಸಿದ. “ಆಮೇಲೆ ಹೇಳ್ತೀನಿ ಕಣೇ. ಈಗ ಸುಮ್ನಿರು.”

ಆ ಕಣ್ಣು ಮಿಟುಕು ಅವಳ ಮೈ ಉರಿಸಿತು. ತಾನೂ ಅವನ ಜೊತೆಗಾತಿಯೆಂಬ ಹಾಗೆ! “ಆಮೇಲೆ ಅಲ್ಲ, ಈಗ್ಲೇ ಹೇಳು” ಎಂದು ದನಿಯೆತ್ತಿದಳು. “ಎಲ್ಲಾ ಕಾರ್ಡಿನ ಸ್ವಿಚ್ಚು ಸದ್ದಿಲ್ಲದ ಕಡೆಗಿದೆ. ಹತ್ತನ್ನೂ ಮನೇಲಿ ಹಾಕಿ ನೋಡಿದ್ದೀಯ ನೀನು. ಹೌದೋ ಅಲ್ವೋ?”

ಎಲ್ಲರೂ ತಮ್ಮ ತಮ್ಮ ಕಾರ್ಡಿನ ಅಂಚು ನೋಡಿಕೊಂಡರು. ಶಿಮಿನ್‌ನ ಕಿವಿ ಕೆಂಪಾದವು. “ಹೌದು, ನೋಡಿದೆ. ನೋಡಿದ್ರೆ ಸವೆದು ಹೋಗುತ್ತಾ?” ಎಂದ.

ಈಗ ಜಗಳವಾಗುತ್ತದೆ, ಶ್ಯೇ ಅಣ್ಣ ಇವನ ಕತ್ತಿನಪಟ್ಟಿ ಹಿಡಿಯುತ್ತಾನೆ ಎಂದು ಮೇಚಿ ಕಾದಳು. ಡಾಕ್ಟರ್ ಲಾನ್ ಗಂಟಲು ಸರಿಮಾಡಿಕೊಂಡರು.

“ಹಾಗಾದ್ರೆ ಅಳತೆ ಎಲ್ಲಾ ನಿನಗೆ ಗೊತ್ತು. ನಂದು ಹೇಗೆ ಬಂತಪ್ಪಾ?”

ಅಷ್ಟೇ ಸಾಕಾಯಿತು. “ನಂದು? ನಂದು ಹೇಳು!” ಎಂದು ಎಲ್ಲರೂ ಅವನನ್ನು ಮುತ್ತಿದರು. ಬೈಸಿಕೊಳ್ಳಬೇಕಾದವನು ಜಾತಕ ಹೇಳುವವನ ಗತ್ತಿನಲ್ಲಿ ಕುರ್ಚಿಯೆಳೆದು ಕೂತ. ಒಂದೊಂದು ಪೆಟ್ಟಿಗೆಯ ಗುಣವೂ ಅವನಿಗೆ ಬಾಯಿಪಾಠ. “ಡಾಕ್ಟ್ರೇ, ನಿಮ್ದು ಪರವಾಗಿಲ್ಲ, ಸ್ವಲ್ಪ ಬಿಸಿ. ದೂ, ನಿಂದು ಸೊಳ್ಳೆ ಥರ ಗುಂಯ್ ಅನ್ನುತ್ತೆ. ಶ್ಯೇ ಅಣ್ಣ, ನಿಂದು ಒಳ್ಳೇದು, ಮಾರ್ಬೇಡ.” ಶ್ಯೇ ಅಣ್ಣ ಕಾರ್ಡನ್ನು ಎದೆಗವುಚಿಕೊಂಡ. ದೂ ಕೋಳಿತುಂಡನ್ನು ಕೆಳಗಿಟ್ಟು, “ಥೂ, ಇದನ್ನೇ ನನಗೆ ಹಾಕ್ದೆಯಲ್ಲೋ” ಎಂದು ಗೋಳಾಡಿದ. ಮೋಸವಾಯಿತೆಂದು ಯಾರಿಗೂ ಸಿಟ್ಟಿರಲಿಲ್ಲ, ತನ್ನದು ಎಷ್ಟನೆಯದು ಎಂಬುದೊಂದೇ ಚಿಂತೆ. ಮೇಚಿ ಆ ಎಣ್ಣೆಮುಖಗಳಿಂದ ಮುಖ ತಿರುಗಿಸಿದಳು.

“ಹತ್ತರಲ್ಲಿ ರಾಜ ಯಾವುದು, ಅದನ್ನ ಹೇಳು” ಎಂದ ದೂ.

ಶಿಮಿನ್ ಮೇಚಿಯ ಕಡೆ ತಿರುಗಿ ನಕ್ಕ. “ಏಳು.”

ಅವಳಿಗೆ ತಕ್ಷಣ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. “ಡಬ್ಬೀಲಿ ಏಳರ ಚೀಟಿ ಹಾಕ್ಲೇ ಇಲ್ಲ. ಉಳಿದದ್ದು ಯಾರಿಗೆ ಬರುತ್ತೆ ಅಂತ ಗೊತ್ತಲ್ಲ. ಮದುವೆ ಉಡುಗೊರೆ ಅನ್ಕೋ. ನನಗೆ ಒಂದು ಸಾಧಾರಣದ್ದು ಬಂದಿದೆ, ಬರ್ಲಿ ಬಿಡು.”

“ಅಯ್ಯಯ್ಯೋ!” ಎಂದು ದೂ ಚಪ್ಪಾಳೆ ತಟ್ಟಿದ. “ಗಂಡ ಅಂದ್ರೆ ಹೀಗಿರ್ಬೇಕು! ಅತ್ತಿಗೆ, ಪುಣ್ಯ ಮಾಡಿದ್ರಿ!” ಉಳಿದವರೂ ಚಪ್ಪಾಳೆ ಸೇರಿಸಿದರು. ಡಾಕ್ಟರ್ ಲಾನ್ ತಮ್ಮ ಹೆಂಡತಿಗೆ ಇದನ್ನು ಹೇಳಬಾರದು ಎಂದು ನಗೆಯಾಡಿದರು. ಕಳ್ಳತನಕ್ಕೆ ಪ್ರೀತಿಯೆಂದು ಹೆಸರಿಟ್ಟ ಕೂಡಲೇ ಅವರೆಲ್ಲರ ಮನಸ್ಸು ಹಗುರವಾಗಿಬಿಟ್ಟಿತು. ತೈಚುಂಗ್‌ನಿಂದ ಬಂದವರೊಬ್ಬರು ಮಾತ್ರ ಚಪ್ಪಾಳೆ ತಟ್ಟದೆ ಮೇಚಿಯನ್ನೇ ನೋಡುತ್ತಿದ್ದರು. ಇವಳಿಗೂ ಮೊದಲೇ ಗೊತ್ತಿತ್ತು ಎಂದು ಆ ನೋಟದಲ್ಲಿ ಬರೆದಂತಿತ್ತು. ಅವಳಿಗೆ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

“ಎಲ್ಲಾ ಪೆಟ್ಟಿಗೆ ಮೇಜಿನ ಮೇಲಿಡಿ” ಎಂದಳು. “ಹೊಸದಾಗಿ ಚೀಟಿ ಬರೀತೀನಿ. ಮೊದಲಿಂದ ಎತ್ತೋಣ.” ಏಳನೇ ಪೆಟ್ಟಿಗೆಯನ್ನು ತಾನೇ ಮೊದಲು ತಂದಿಟ್ಟಳು.

ದೂ ತಟ್ಟನೆ ತನ್ನದನ್ನು ತಂದಿಟ್ಟ. ಸಾಧಾರಣ ಕಾರ್ಡು ಬಂದವರೂ ಇಡಲು ಎದ್ದರು. ಶ್ಯೇ ಅಣ್ಣ ಮಾತ್ರ ಅಲುಗಲಿಲ್ಲ. “ಒಂದು ಸಲ ಆಗಿದೆಯಲ್ಲಮ್ಮಾ, ಮತ್ಯಾಕೆ? ನಿನಗೆ ಬೇಡ ಅಂದ್ರೆ ನಿಂದನ್ನ ಮಾತ್ರ ಎತ್ತಿಸು” ಎಂದ. “ಓಹೋ, ನಿನಗೆ ಒಳ್ಳೇದು ಬಂತು ಅಂತ ಹೀಗಂತೀಯ” ಎಂದು ದೂ ಅವನ ಮೇಲೆ ಬಿದ್ದ. ಆಗ ಜಗಳವಾಯಿತು, ಮೇಚಿ ಕಾದಿದ್ದ ಜಗಳವಲ್ಲ. ಏಳನೇ ಪೆಟ್ಟಿಗೆಗೆ ಮೂರು ಜನ ಕೈಹಾಕಿದರು. ಯಾರದೋ ಮೊಣಕೈ ತಗುಲಿ ಹಾಲು ಚಹಾದ ಲೋಟ ಮಗುಚಿ ಅದರ ಸಾಬಕ್ಕಿ ಗುಳಿಗೆಗಳು ಮೇಜಿನ ಮೇಲೆಲ್ಲ ಉರುಳಿದವು. ಅದನ್ನು ಒರೆಸುವ ಗೋಜಿಗೂ ಯಾರೂ ಹೋಗಲಿಲ್ಲ.

ಮೇಚಿ ಬೂಟು ಮೆಟ್ಟಿ ಕೆಳಗಿಳಿದಳು. ಶಿಮಿನ್ ಮೆಟ್ಟಿಲವರೆಗೆ ಓಡಿಬಂದ.

“ಎಲ್ಲರೆದುರು ಮಾನ ಕಳೆದ್ಯಲ್ಲೇ! ನಿನಗೋಸ್ಕರ ಮಾಡಿದ್ದಕ್ಕೆ ಇದಾ?”

“ನನ್ನ ಕೈಯಿಂದ ಚೀಟಿ ಎತ್ತಿಸಿದ್ಯಲ್ಲ. ಡಬ್ಬಿ ನನ್ನ ಕೈಗೆ ಕೊಡೋವಾಗ ನಿನಗೆ ಒಂದು ಚೂರೂ ಏನೂ ಅನ್ನಿಸ್ಲಿಲ್ವಾ?”

“ನಿನ್ನ ಕೈಗೆ ಕೊಟ್ಟಿದ್ದಕ್ಕೇ ತಾನೇ ಯಾರಿಗೂ ಅನುಮಾನ ಬರ್ಲಿಲ್ಲ?” ಎಂದ ಅವನು. ಅದನ್ನು ಹೇಳುವಾಗ ಅವನ ಮುಖದಲ್ಲಿ ಅಳುಕಿರಲಿಲ್ಲ. ಅವಳನ್ನು ಹೊಗಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಮೇಚಿ ಅವನ ಮುಖವನ್ನು ನೋಡಿದಳು. ಇವನ ಜೊತೆ ಊಟಕ್ಕೆ ಕೂರಬೇಕು, ಇವನ ಮಾತಿಗೆ ನಾಲ್ಕು ಜನರೆದುರು ಹೌದು ಅನ್ನಬೇಕು ಎಂದು ನೆನೆದರೇ ಅವಳಿಗೆ ಹೇಸಿಗೆಯಾಯಿತು. ಅವಳು ಬೀದಿಗಿಳಿದಳು.

ಮನೆಯಲ್ಲಿ ಅಮ್ಮ ನೆಂಟರಿಗೆ ಹಂಚುವ ಮದುವೆ ಕೇಕಿನ ಡಬ್ಬಗಳಿಗೆ ಕೆಂಪು ಪಟ್ಟಿ ಕಟ್ಟುತ್ತಿದ್ದಳು. ಮೇಚಿ ನಿಂತಲ್ಲೇ ಹೇಳಿದಳು, ಮದುವೆ ಬೇಡ ಎಂದು.

“ಹೊಡೆದ್ನಾ?”

“ಇಲ್ಲ.”

“ಬೇರೆ ಹೆಣ್ಣಾ?”

“ಇಲ್ಲಮ್ಮಾ.” ಅವಳು ಕೂತು ಎಲ್ಲವನ್ನೂ ಹೇಳಿದಳು. ಚೀಟಿ, ಡಬ್ಬಿ, ಸ್ವಿಚ್ಚು, ಚಪ್ಪಾಳೆ, ಮೆಟ್ಟಿಲ ಮೇಲಿನ ಮಾತು. ಅಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು.

“ಅಂದ್ರೆ ಇದ್ದದ್ರಲ್ಲಿ ಒಳ್ಳೇದನ್ನ ನಿನಗೇ ಎತ್ತಿಟ್ಟ. ಅದಕ್ಕೆ ಮದುವೆ ಬಿಡ್ತೀಯಾ? ಒಂದು ಆಟದ ಕಾರ್ಡಿಗೆ? ಜನ ಕೇಳಿದ್ರೆ ನಾನು ಏನಂತ ಹೇಳ್ಲೇ?”

“ಹಾಗೇ ಹೇಳಮ್ಮಾ” ಎಂದಳು ಮೇಚಿ. “ಒಂದು ಕಾರ್ಡಿಗೆ ಬಿಟ್ಟಳು ಅನ್ನು.”