ತೊಳೆದವಳ ಗುರುತು

“ಕೈ ನೋಡಿದ್ರೇ ಗೊತ್ತಾಗುತ್ತೆ ಕಣೇ, ಎಂಥಾ ಮನೆಯಿಂದ ಬಂದೋಳು ಅಂತ!”

ಯಜಮಾನಿ ಹೀಗೆಂದದ್ದು ಅಂಗಳದ ನಡುವೆ, ಎಲ್ಲರೆದುರಿಗೆ. ಮೆಣಸಿಯ ಕೈಯಲ್ಲಿ ಒದ್ದೆ ಬೆಡ್‌ಶೀಟಿತ್ತು. ಅವಳು ಮಾಡಿದ ತಪ್ಪು ಇಷ್ಟೇ: ಗಾಳಿಗೆ ತಂತಿಯಿಂದ ಜಾರಿ ಬಿದ್ದ ಅದನ್ನು ಎತ್ತಿ, ಎರಡು ತುದಿ ಹಿಡಿದು, ಮೊಣಕೈ ಮಡಚಿ ಫಟಾರೆಂದು ಒದರಿದ್ದಳು. ಸುಕ್ಕೆಲ್ಲ ಒಂದೇ ಏಟಿಗೆ ಬಿಟ್ಟುಹೋಗಿತ್ತು. ಬೇರೆಯವರು ಒದರಿದರೆ ಧೂಳು ಕೊಡವಿದಂತಿರುತ್ತದೆ. ಬಟ್ಟೆ ಒಗೆಯುವವರ ಮನೆಯಲ್ಲಿ ಹುಟ್ಟಿದವರು ಒದರಿದರೆ ಚಾಟಿ ಬೀಸಿದ ಸದ್ದು. ಅದನ್ನು ಸೆರಗಿನಲ್ಲಿ ಮುಚ್ಚಿಡಲು ಬರುವುದಿಲ್ಲ.

“ನಿಮ್ಮವ್ವ ಬಟ್ಟೆ ಒಗೀತಾಳಾ?”

“ಹೂಂ. ಒಗೀತಾಳೆ, ಇಸ್ತ್ರಿನೂ ಹಾಕ್ತಾಳೆ.”

“ನೋಡಿದ್ರಾ, ನಾನು ಹೇಳ್ಲಿಲ್ವಾ!” ಯಜಮಾನಿ ಸುತ್ತ ನಿಂತವರತ್ತ ತಿರುಗಿ ಪಂದ್ಯ ಗೆದ್ದವಳಂತೆ ನಕ್ಕಳು. “ನಾಳೆಯಿಂದ ನೀನು ಕೆಳಗಡೆ ಇರು ಮಗು. ವಯಸ್ಸಾದೋರ ಹತ್ರ ಕೂರೋಕೆ ಬೇರೆಯೋರಿದಾರೆ. ದೇವರು ಒಬ್ಬೊಬ್ಬರಿಗೆ ಒಂದೊಂದು ಕೈ ಕೊಟ್ಟಿರ್ತಾನೆ.”

ಪರದೇಶಕ್ಕೆ ಬಂದು ಮೆಣಸಿ ಇನ್ನೂ ಸೂಟ್‌ಕೇಸು ಪೂರ್ತಿ ಬಿಚ್ಚಿರಲಿಲ್ಲ. ಬಾಯಿ ಖಾರ ಎಂದು ಅವ್ವನೇ ಇಟ್ಟ ಅಡ್ಡಹೆಸರು ಮೆಣಸಿ. ರೋಗಿಗಳ ಆರೈಕೆಯ ಪಾಠ ಕಲಿತು ಸರ್ಟಿಫಿಕೇಟು ಹಿಡಿದು ಕೂತಿದ್ದವಳ ಕಣ್ಣಿಗೆ ಈ ವೃದ್ಧಾಶ್ರಮದ ಜಾಹೀರಾತು ಬಿದ್ದಿತ್ತು. ‘ಯುವಜನರೇ, ಜಗತ್ತು ನೋಡಿ, ಸೇವೆ ಮಾಡಿ, ಕಲಿಯಿರಿ.’ ನಡೆಸುವವಳು ನಮ್ಮ ಮಾತಾಡುವವಳೇ, ಅಲ್ಲೇ ಹೋಗಿ ನೆಲೆನಿಂತವಳು. ಒಂದು ವರ್ಷ ಸೇವೆ, ಊಟ ವಸತಿ ಪುಕ್ಕಟೆ. ಆಮೇಲೆ ದೊಡ್ಡಾಸ್ಪತ್ರೆಗೆ ಒಂದು ಮಾತು ಹೇಳಿ ಕೆಲಸಕ್ಕೆ ಸೇರಿಸುವುದು. ಹೊರಡುವ ದಿನ ಅವ್ವ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ಹೇಳಿದ್ದು ಒಂದೇ: “ಏನಾದ್ರೂ ಮಾಡು ಮೆಣಸಿ, ಕಂಡೋರ ಕೊಳೆಗೆ ಮಾತ್ರ ಕೈ ಹಾಕ್ಬೇಡ. ಅದು ನನ್ನ ಕಾಲಕ್ಕೇ ಮುಗೀಲಿ.”

ಅವ್ವನ ಮಾತು ಕೆಳಗಡೆಯ ಮೊದಲ ದಿನವೇ ನೊರೆಯಲ್ಲಿ ಹೋಯಿತು.

ಕೆಳಗಡೆ ಎಂದರೆ ನೆಲಮಾಳಿಗೆ. ಆಳೆತ್ತರದ ವಾಷಿಂಗ್ ಮೆಷಿನ್ನುಗಳು ಹೊಟ್ಟೆ ಕೆಟ್ಟವರಂತೆ ಗುಡುಗುಡು ಎನ್ನುತ್ತಿದ್ದವು. ಮೇಲಿನಿಂದ ಕೊಳವೆಯಲ್ಲಿ ಉಚ್ಚೆ ನಾರುವ ಹಾಸಿಗೆ ಬಟ್ಟೆ ದಬದಬ ಬಂದು ಬೀಳುತ್ತಿತ್ತು. ಬ್ಲೀಚಿಗೆ ಮೆಣಸಿಯ ಬೆರಳ ತುದಿಗಳು ಸುಲಿದು ಹಸಿಹಸಿಯಾದವು. ಕಿಟಕಿಯೊಂದಿತ್ತು, ಸೂರಿಗೆ ಅಂಟಿಕೊಂಡು. ಅದರಲ್ಲಿ ಕಾಣುತ್ತಿದ್ದದ್ದು ರಸ್ತೆಯಲ್ಲಿ ಹೋಗುವವರ ಬೂಟು, ಚಪ್ಪಲಿ, ನಾಯಿಯ ಕಾಲು.

“ಜಗತ್ತು ನೋಡು ಅಂದ್ರಲ್ಲ, ನೋಡ್ತಿದೀನಿ. ಪಾದದಿಂದ ಶುರು ಮಾಡಿದೀನಿ, ಮುಖದ ತನಕ ಯಾವಾಗ ಹೋಗ್ತೀನೋ,” ಎಂದಳು ಮೆಣಸಿ.

ನಕ್ಕವಳು ಮೆಟ್ಟಿಲಕ್ಕ. ದಿನವಿಡೀ ಮೆಟ್ಟಿಲು ಒರೆಸುವವಳಿಗೆ ಬೇರೆ ಹೆಸರು ಯಾಕೆ? ಅವಳ ನಗು ಮಾತ್ರ ಬಹಳ ದಿನ ಬೀರುವಿನಲ್ಲಿಟ್ಟ ಬಟ್ಟೆಯಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

“ನಾನೂ ಒಂದು ವರ್ಷಕ್ಕೆ ಅಂತಲೇ ಬಂದೋಳು ಕಣಮ್ಮ,” ಎಂದಳು. “ಆವಾಗ ನಂಗೆ ಎರಡು ಜಡೆ.”

ಮೆಣಸಿ ಅವಳ ನರೆತ ತುರುಬನ್ನು ನೋಡಿದಳು. “ಪಾಸ್‌ಪೋರ್ಟು?”

“ಯಜಮಾನಿ ಬೀರುವಿನಲ್ಲಿ, ನಿಂದೂ ಅಲ್ಲೇ ಅಲ್ವಾ? ಜೋಪಾನವಾಗಿರ್ಲಿ ಅಂತ ಇಸ್ಕೊಂಡ್ರು. ಜೋಪಾನವಾಗೇ ಇದೆ. ಈಗ ಅದರಲ್ಲಿರೋ ಫೋಟೋ ನೋಡಿದ್ರೆ ಯಾರಾದ್ರೂ ನನ್ನ ಮಗಳು ಅಂತಾರೆ.”

ಆ ರಾತ್ರಿ ಮೆಣಸಿಗೆ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಯಜಮಾನಿಯ ಕೋಣೆಯ ಬಾಗಿಲು ತಟ್ಟಿದಳು.

“ನನ್ನ ಪಾಸ್‌ಪೋರ್ಟು ಕೊಡಿ ಯಜಮಾನಮ್ಮ. ಬೇರೆ ಕಡೆ ಕೆಲಸ ನೋಡ್ಕೋತೀನಿ.”

“ಅಮ್ಮ ಅಂತ ಕರಿ ಅಂದಿದ್ದೆ ನಿಂಗೆ.”

“ನಂಗೆ ಅವ್ವ ಇದಾಳೆ.”

ಯಜಮಾನಿ ಕೈಗೆ ಕ್ರೀಮು ಸವರಿಕೊಳ್ಳುತ್ತಿದ್ದಳು. ಒಂದೊಂದೇ ಬೆರಳು ನೀವಿ ಮುಗಿಸಿ ತಲೆಯೆತ್ತಿದಳು. “ಉಂಡ ಮನೆಗೆ ಎರಡು ಬಗೆಯೋ ಮುಂಡೇದೇ! ನಮ್ಮ ಕಡೆ ಹುಡುಗಿ ಅಂತ ಕರೆಸ್ಕೊಂಡೆ ನೋಡು, ನನ್ನ ಬುದ್ಧಿಗಿಷ್ಟು. ಸೇವೆಗೆ ಬಂದೋಳಿಗೆ ಕೆಲಸ ಬೇಕಂತೆ ಕೆಲಸ! ಕತ್ತೆ ಹಿಂದೆ ಹೋಗೋರನ್ನ ವಿಮಾನ ಹತ್ತಿಸಿದ್ದೇ ತಪ್ಪಾಯ್ತು.”

“ಕತ್ತೆನಾದ್ರೂ ನಾವು ಸಾಯಂಕಾಲ ಬಿಚ್ಚಿ ಬಿಡ್ತೀವಿ ಯಜಮಾನಮ್ಮ.”

ಕೆನ್ನೆಗೆ ಬಿದ್ದ ಏಟಿನಲ್ಲಿ ಕ್ರೀಮಿನ ಪರಿಮಳವಿತ್ತು. ದಿನವೆಲ್ಲ ಬ್ಲೀಚಿನ ನಡುವೆಯೂ ಅದು ಹೋಗಲಿಲ್ಲ.

ಮೇಲಿನ ಮಹಡಿಯಲ್ಲಿ ಇನ್ನೊಂದು ಬಗೆಯ ಸೇವಕರಿದ್ದರು. ಅನುಕೂಲಸ್ಥರ ಮನೆ ಮಕ್ಕಳು, ಕೈಯಿಂದ ಹಣ ಕಟ್ಟಿ ಸೇವೆಗೆ ಬಂದವರು. ಬೆಳಿಗ್ಗೆ ಅಜ್ಜ ಅಜ್ಜಿಯರ ಕೈ ಹಿಡಿದು ಪಟ ತೆಗೆಸಿಕೊಂಡು, ಮಧ್ಯಾಹ್ನ ಊರು ಸುತ್ತಲು ಹೋಗುತ್ತಿದ್ದರು. ಕೆಟ್ಟವರಲ್ಲ ಪಾಪ, ಎದುರಾದರೆ ನಗುತ್ತಿದ್ದರು. ಅವರಲ್ಲೊಬ್ಬಳಿಗೆ ಮೆಟ್ಟಿಲಕ್ಕ ಫೋಟೋರಾಣಿ ಎಂದು ಹೆಸರಿಟ್ಟಿದ್ದಳು. ಒಂದು ದಿನ ಫೋಟೋರಾಣಿ ಕ್ಯಾಮೆರಾ ನೇತುಹಾಕಿಕೊಂಡು ನೆಲಮಾಳಿಗೆಗೇ ಇಳಿದು ಬಂದಳು.

“ಅಯ್ಯೋ, ನಿನ್ನ ಕೈ ಎಷ್ಟು ಚೆನ್ನಾಗಿದೆ! ಎಷ್ಟು ನಿಜವಾಗಿದೆ ಗೊತ್ತಾ! ದಾನಿಗಳು ಬರೋ ದಿನ ಗೋಡೆ ತುಂಬ ದೊಡ್ಡದಾಗಿ ಹಾಕ್ತಾರಂತೆ, ‘ಸೇವೆಯ ಕೈಗಳು’ ಅಂತ. ಸ್ವಲ್ಪ ಹೀಗೆ ಹಿಡ್ಕೋ. ಇಲ್ಲ ಇಲ್ಲ, ಮುಖ ಬೇಡ. ಕೈ ಮಾತ್ರ.”

“ಮುಖಕ್ಕೇನಾಗಿದೆ ಅಕ್ಕ?”

“ಏನೂ ಆಗಿಲ್ಲಪ್ಪ. ಅಮ್ಮ ಕೈ ಸಾಕು ಅಂದ್ರು.”

ಕ್ಲಿಕ್, ಕ್ಲಿಕ್. ಫೋಟೋರಾಣಿ ಮೂಗು ಹಿಡಿದುಕೊಂಡು ಮೇಲೆ ಓಡಿದಳು.

ದಾನಿಗಳು ಬರುವ ದಿನ ಬೆಳಿಗ್ಗೆ ನೆಲಮಾಳಿಗೆಯ ತುಂಬ ಬಿಳುಪು. ಮೇಜಿಗೆ ಹಾಸುವ ಬಟ್ಟೆ, ಮಂಚಕ್ಕೆ ಹಾಸುವ ಬಟ್ಟೆ, ಮೇಲಿನವರ ಬಿಳಿ ಅಂಗಿ, ಯಜಮಾನಿಯ ಬಿಳಿ ಶಾಲು. ಎಲ್ಲ ಇಸ್ತ್ರಿಯಾಗಿ ಬೆಚ್ಚಗೆ ಕೂತಿತ್ತು. ಪಕ್ಕದಲ್ಲಿ ಅಳಿಯದ ಕರಿ ಶಾಯಿಯ ಪೆನ್ನು. ಅಜ್ಜ ಅಜ್ಜಿಯರ ಬಟ್ಟೆ ಅದಲುಬದಲಾಗದ ಹಾಗೆ ಮೂಲೆಯಲ್ಲಿ ಕೋಣೆಯ ನಂಬರು ಹಾಕಲು ಕೊಟ್ಟದ್ದು. ಅವ್ವನೂ ಹಾಗೇ ಗುರುತು ಹಾಕುತ್ತಿದ್ದಳು. ಒಂದು ಮನೆಗೆ ಚುಕ್ಕಿ, ಒಂದಕ್ಕೆ ಗೀರು, ಒಂದಕ್ಕೆ ಅಡ್ಡಗೆರೆ. ಒಗೆಯುವವರಿಗೆ ಬಿಟ್ಟು ಬೇರೆ ಯಾರಿಗೂ ಓದಲು ಬಾರದ ಲಿಪಿ. ಚಿಕ್ಕವಳಿದ್ದಾಗ ಮೆಣಸಿ ಕೇಳಿದ್ದಳು: “ನಮ್ಮನೆ ಗುರುತು ಯಾವುದವ್ವ?” ಅವ್ವ ಹಲ್ಲಿನಲ್ಲಿ ದಾರ ಕಡಿಯುತ್ತ ಅಂದಿದ್ದಳು: “ನಮ್ಮನೇಗ್ಯಾಕೆ ಗುರುತು? ನಮ್ಮದು ಕಳೆದುಹೋದ್ರೆ ಹುಡುಕ್ಕೊಂಡು ಯಾರು ಬರ್ತಾರೆ?”

ಮೆಣಸಿ ಮೇಜಿನ ಬಟ್ಟೆಯೊಂದನ್ನು ಹರವಿ, ಅದರ ನಟ್ಟನಡುವೆ ಎಡಗೈ ಅಗಲಿಸಿ ಊರಿದಳು. ಬಲಗೈಯಲ್ಲಿ ಪೆನ್ನು ಹಿಡಿದು ಹೆಬ್ಬೆರಳಿನಿಂದ ಕಿರುಬೆರಳಿನ ತನಕ ಸುತ್ತ ಗೆರೆ ಎಳೆದಳು. ಕೈ ತೆಗೆದಳು. ಬಟ್ಟೆಯ ಮೇಲೆ ಕರಿ ಗೆರೆಯ ಖಾಲಿ ಕೈಯೊಂದು ಉಳಿಯಿತು.

ಬಕೆಟ್ಟು ಹಿಡಿದು ಬಂದ ಮೆಟ್ಟಿಲಕ್ಕ ಬಾಗಿಲಲ್ಲೇ ನಿಂತಳು. “ಲೇ ಲೇ! ಏನೇ ಅದು, ಬುದ್ಧಿಗಿದ್ದಿ ಕೆಟ್ಟಿದೆಯಾ? ಅದು ಹೋಗಲ್ವೇ!”

“ಹೋಗ್ಬಾರ್ದು ಅಂತಲೇ ಅಕ್ಕ.”

“ಕೊಂದುಹಾಕ್ತಾಳೆ ಕಣೇ.”

“ಕೊಲ್ಲಲ್ಲ. ಕೊಂದ್ರೆ ನಾಳೆ ಯಾರು ಒಗೀತಾರೆ?”

ಮೆಟ್ಟಿಲಕ್ಕ ಬಾಗಿಲ ಹೊರಗೆ ಇಣುಕಿದಳು. ಒಳಗೆ ಬಂದಳು. ಮತ್ತೆ ಇಣುಕಿದಳು. ಆಮೇಲೆ ಬಕೆಟ್ಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಸೊಟ್ಟಗಾದ ಬೆರಳುಗಳನ್ನು ಆದಷ್ಟೂ ಅಗಲಿಸಿ ಮೆಣಸಿಯ ಗುರುತಿನ ಪಕ್ಕದಲ್ಲಿ ಊರಿದಳು. “ಬೇಗ ಎಳಿ. ನಂಗೆ ಕಚಗುಳಿ ಆಗುತ್ತೆ.”

ಮೇಜಿನ ಬಟ್ಟೆ, ಮಂಚದ ಬಟ್ಟೆ, ಅಂಗಿಗಳೆಲ್ಲ ಮುಗಿದು ಶಾಲಿನ ಸರದಿ ಬಂದಾಗ ಮೆಟ್ಟಿಲಕ್ಕನೇ ಹೇಳಿದಳು: “ಬೆನ್ನ ಮೇಲೆ ಹಾಕು. ಎದೆ ಮೇಲೆ ಹಾಕಿದ್ರೆ ಕಂಡುಬಿಡುತ್ತೆ.” ಮಡಿಕೆ ಹಾಕಿ ಹೊರಮೈ ಬೆಳ್ಳಗೆ ಕಾಣುವ ಹಾಗೆ ಮೇಲೆ ಕಳಿಸಿದರು. ಹಾಸುವ ಕೆಲಸವೂ ಇವರದೇ, ಯಜಮಾನಿ ದಾನಿಗಳನ್ನು ಎದುರುಗೊಳ್ಳಲು ಆಚೆ ಹೋದ ಹೊತ್ತು ನೋಡಿ ಹಾಸಿದರು.

ದಾನಿಗಳು ಸಾಲುಗಟ್ಟಿ ಒಳಗೆ ಬಂದಾಗ ಮೇಲಿನ ಮಕ್ಕಳು ಬಿಳಿ ಅಂಗಿ ತೊಟ್ಟು ನಿಂತಿದ್ದರು, ಎದೆಯ ಮೇಲೆ ಒಂದೊಂದು ಕರಿ ಕೈ. “ಹೊಸ ಡಿಸೈನು, ಎಷ್ಟು ಚೆನ್ನಾಗಿದೆಯಲ್ಲ!” ಎಂದು ಫೋಟೋರಾಣಿ ಕ್ಲಿಕ್ಕಿಸುತ್ತಿದ್ದಳು. ಯಜಮಾನಿಯ ಕಣ್ಣು ಅಂಗಿಯಿಂದ ಮೇಜಿಗೆ, ಮೇಜಿನಿಂದ ಮಂಚಕ್ಕೆ ಹಾರಿತು. ಮುಖದ ಬಣ್ಣ ಇಳಿಯಿತು. ಆದರೆ ಕೆಟ್ಟ ಚುರುಕಿನ ಹೆಂಗಸು. ಎಲ್ಲರಿಗಿಂತ ಮುಪ್ಪಿನ ದಾನಿಯೊಬ್ಬ ಮೇಜಿನ ಮೇಲೆ ಬಾಗಿ, ಆ ದೇಶದ ಮಾತಿನಲ್ಲಿ “ಇದು ಯಾರ ಕೈ?” ಎಂದು ಕೇಳಿದಾಗ ನಗು ತಂದುಕೊಂಡು, “ನಮ್ಮ ಸೇವೆಯ ಗುರುತು ಸ್ವಾಮಿ!” ಎಂದಳು. ಜನ ಚಪ್ಪಾಳೆ ತಟ್ಟಿದರು.

ಆ ದೇಶದ ಮಾತು ಮೆಣಸಿಗೆ ಹಿಡಿಯಷ್ಟೇ ಬರುತ್ತಿತ್ತು. ಆ ಹಿಡಿಯಲ್ಲಿ ‘ನನ್ನದು’ ಎಂಬ ಮಾತಿತ್ತು.

“ನನ್ನದು,” ಎಂದಳು ಬಾಗಿಲಿನಿಂದ.

ಚಪ್ಪಾಳೆ ನಿಂತಿತು. ಮೆಣಸಿ ಒದ್ದೆ ಏಪ್ರನ್ನಿನಲ್ಲೇ ನಡೆದು ಬಂದು, ಸುಲಿದ ಎಡಗೈಯನ್ನು ಆ ಗೆರೆಯೊಳಗೆ ಇಟ್ಟಳು. ಮುಚ್ಚಳ ಕೂತಂತೆ ಕೂತಿತು. ಮುದುಕ ದಾನಿ ಆ ಕೈ ನೋಡಿದ, ಗೋಡೆಯ ಮೇಲಿನ ದೊಡ್ಡ ಪಟ ನೋಡಿದ, ಕೊನೆಗೆ ಅವಳ ಮುಖ ನೋಡಿದ.

“ಪಕ್ಕದ ಸೊಟ್ಟದು ನಂದು,” ಎಂದು ಹಿಂದಿನಿಂದ ಬಂದಳು ಮೆಟ್ಟಿಲಕ್ಕ. ತನ್ನ ಕೈಯನ್ನೂ ತಂದು ಅದರ ಗೆರೆಯೊಳಗೆ ಊರಿದಳು.

“ಕೆಳಗೆ ಹೋಗ್ರೇ ದರಿದ್ರ ಮುಂಡೇವಾ,” ಯಜಮಾನಿ ನಗು ಇಳಿಸದೆ ಹಲ್ಲಿನ ಸಂದಿಯಲ್ಲಿ ಬೈದಳು.

“ಹೋಗ್ತೀವಿ ಯಜಮಾನಮ್ಮ. ಕೆಳಗಲ್ಲ, ಆಚೆಗೆ.” ಮೆಣಸಿ ಗೆರೆಯೊಳಗಿನ ಕೈಯೆತ್ತಿ, ಅಂಗೈ ಮೇಲಾಗಿಸಿ ಅವಳೆದುರು ಚಾಚಿದಳು. “ಪಾಸ್‌ಪೋರ್ಟು.”

ಆ ಒಂದು ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಫೋಟೋರಾಣಿಯ ಕ್ಯಾಮೆರಾ ಮೆಲ್ಲಗೆ ಕೆಳಗಿಳಿಯಿತು.

ಯಜಮಾನಿ ದಾನಿಗಳನ್ನು ಪಕ್ಕದ ಕೋಣೆಗೆ ಕರೆದೊಯ್ಯುವವಳಂತೆ ಸರ್ರನೆ ತಿರುಗಿದಳು. ಅವಳ ಬಿಳಿ ಶಾಲಿನ ಬೆನ್ನ ಮೇಲೆ ಎರಡು ಕರಿ ಕೈಗಳು ಅಕ್ಕಪಕ್ಕ ನಿಂತಿದ್ದವು, ಒಂದು ಚಿಕ್ಕದು, ಒಂದು ಸೊಟ್ಟ. ಅವಳ ಹಿಂದೆ ಒಬ್ಬರೂ ಹೆಜ್ಜೆಯಿಡಲಿಲ್ಲ. ಮೆಣಸಿ ಚಾಚಿದ ಕೈ ಇಳಿಸಲಿಲ್ಲ. ಮೆಟ್ಟಿಲಕ್ಕನೂ ತನ್ನ ಕೈಯನ್ನು ಅದರ ಪಕ್ಕಕ್ಕೆ ಚಾಚಿದಳು.