ಪರವಾಗಿಲ್ಲ ಎಂದು ಬರೆಸಿಕೊಂಡವನು

ನಾನು ಒಂದು ದಿನಚರಿ ಪುಸ್ತಕ. ಅಂಗಡಿಯಲ್ಲಿ ಸಿಗುವ ಜಾತಿಯಲ್ಲ. ಹೊಸ ಔಷಧಿಯೊಂದರ ಪ್ರಯೋಗಕ್ಕಾಗಿ ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ನನ್ನಂಥವರು ನಲವತ್ತು ಮಂದಿ ಒಟ್ಟಿಗೆ ಹುಟ್ಟಿದೆವು. ತಿಳಿಹಸಿರು ರಟ್ಟು, ನೂರಿಪ್ಪತ್ತು ಪುಟ, ದಿನಕ್ಕೊಂದು ಪುಟ. ಪ್ರತಿ ಪುಟದ ನೆತ್ತಿಯಲ್ಲೂ ಒಂದೇ ಪ್ರಶ್ನೆ: "ಇಂದು ಹೇಗಿದ್ದೀರಿ?" ಕೆಳಗೆ ಉಸಿರು, ನೋವು, ಜ್ವರ, ಹೊಟ್ಟೆ ಎಂದು ಒಂದೊಂದು ಸಾಲು. ಕೊನೆಯಲ್ಲಿ "ಇತರೆ" ಎಂಬ ಪುಟ್ಟ ಚೌಕ. ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ನನಗೆ ಮೈಯೆಲ್ಲ ಚಡಪಡಿಕೆ.

ಆಸ್ಪತ್ರೆಯ ಸಿಸ್ಟರ್ ಜೆಸಿಂತಾ ನನ್ನ ರಟ್ಟಿನ ಮೇಲೆ ಹದಿನೇಳು ಎಂದು ಬರೆದರು. ರೋಗಿಯ ಹೆಸರು ಬರೆಯುವಂತಿಲ್ಲವಂತೆ. ಆದರೆ ನನಗೆ ಗೊತ್ತು, ನನ್ನ ಯಜಮಾನರು ದಾವಣಗೆರೆಯ ಹಾಲೇಶಪ್ಪನವರು. ಹರೆಯದಲ್ಲಿ ಹತ್ತಿ ಗಿರಣಿಯ ಬಾಯ್ಲರ್ ಕೊಳವೆಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸುತ್ತುತ್ತಿದ್ದರು. ಆ ಧೂಳು ನಲವತ್ತು ವರ್ಷ ಎದೆಯೊಳಗೆ ಸದ್ದಿಲ್ಲದೆ ಕೂತಿದ್ದು, ಈಗ ಶ್ವಾಸಕೋಶದ ಹೊದಿಕೆಯಲ್ಲಿ ಕ್ಯಾನ್ಸರ್ ಆಗಿ ಎದ್ದಿತ್ತು. ಡಾಕ್ಟರು ಮೆಸೊಥೆಲಿಯೋಮಾ ಎನ್ನುತ್ತಿದ್ದರು, ಇವರು ಕಲ್ನಾರಿನ ಕಾಯಿಲೆ ಎನ್ನುತ್ತಿದ್ದರು. ಇದ್ದ ಔಷಧಿಗಳೆಲ್ಲ ಕೈಕೊಟ್ಟ ಮೇಲೆ ಉಳಿದದ್ದು ಈ ಪ್ರಯೋಗವೊಂದೇ.

ಅವರ ಹೆಂಡತಿ ಕೊಟ್ರಮ್ಮನಿಗೆ ಮೊದಲ ದಿನವೇ ಅನುಮಾನ. "ಪ್ರಯೋಗ ಅಂದ್ರೆ ಇಲಿ ಮ್ಯಾಲೆ ಮಾಡ್ತಾರಲ್ಲ, ಅದೇ ಏನ್ರಿ?" ಎಂದು ಕೇಳಿಯೇಬಿಟ್ಟರು.

ಮಂಗಳೂರು ಕಡೆಯ ಸಿಸ್ಟರ್ ನಕ್ಕರು. "ಇಲಿಗೆ ಬಾಯಿ ಉಂಟಾ ಅಮ್ಮಾ? ಇವರಿಗೆ ಉಂಟಲ್ಲ. ಏನೇ ಆದ್ರೂ ಇದರಲ್ಲಿ ಬರೀಲಿಕ್ಕೆ ಹೇಳಿ."

ಹಾಲೇಶಪ್ಪನವರು ಬರೆದರು. ಉಸಿರು: ಪರವಾಗಿಲ್ಲ. ನೋವು: ಪರವಾಗಿಲ್ಲ. ಜ್ವರ: ಪರವಾಗಿಲ್ಲ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಮೆಟ್ಟಿಲಲ್ಲಿ ಏದುಸಿರು ಬಿಟ್ಟು ಕೂತರೂ ಪರವಾಗಿಲ್ಲ. ಅಲ್ಲ, ಇದೂ ಒಂದು ಉತ್ತರವೇ? ಗುಣವಾಗಿದೆ ಎಂದೋ, ತಡೆದುಕೊಳ್ಳುತ್ತೇನೆ ಎಂದೋ, ನಿಮಗ್ಯಾಕೆ ತೊಂದರೆ ಎಂದೋ? ಮೂರಕ್ಕೂ ನಮ್ಮ ಜನ ಈ ಒಂದೇ ಮಾತನ್ನು ಇಟ್ಟುಕೊಂಡಿದ್ದಾರೆ. ಮೂರು ವಾರಕ್ಕೊಮ್ಮೆ ರೈಲು ಹತ್ತಿ ನಾವು ಬೆಂಗಳೂರಿಗೆ ಹೋದಾಗ ಸಿಸ್ಟರ್ ಅದನ್ನು ಓದಿ, ಕಂಪ್ಯೂಟರಿನಲ್ಲಿ "ತೊಂದರೆ ಇಲ್ಲ" ಎಂದು ಹಾಕಿ ಖುಷಿಪಡುತ್ತಿದ್ದರು.

ಅಸಲು ಸಂಗತಿ ಬೇರೆಯಿತ್ತು. ಗುಳಿಗೆ ಮೈಗೆ ಒಗ್ಗದಿದ್ದರೆ ಪ್ರಯೋಗದಿಂದ ಹೊರಗೆ ಹಾಕುತ್ತಾರೆಂದು ಆಸ್ಪತ್ರೆಯ ಬೆಂಚಿನಲ್ಲಿ ಯಾರೋ ಹೇಳಿದ್ದರು. ಅಂದಿನಿಂದ ಇವರು ಬಾಯಿಗೆ ಬೀಗ ಹಾಕಿಕೊಂಡರು.

ಆರನೇ ವಾರ ಭೇದಿ ಶುರುವಾಯಿತು. ದಿನಕ್ಕೆ ನಾಲ್ಕು ಸಲ, ಆಮೇಲೆ ಏಳೆಂಟು ಸಲ, ಕೊನೆಗೆ ರಕ್ತ. ಗೋಡೆ ಹಿಡಿದುಕೊಂಡು ಬಂದು ಕೂತು, ಹೊಟ್ಟೆಯ ಸಾಲಿನಲ್ಲಿ ಬರೆದರು: ಪರವಾಗಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಲುಂಗಿ ಒಗೆಯಲು ಹೋದ ಕೊಟ್ರಮ್ಮ ಕಲೆ ನೋಡಿದರು. ಸೀದಾ ಬಂದು ನನ್ನನ್ನು ಎತ್ತಿಕೊಂಡು, ಒದ್ದೆ ಕೈಯಲ್ಲೇ ನಲವತ್ತೆರಡು ಪುಟ ಮಗುಚಿದರು. ಆಮೇಲೆ ಹಾಲಿನ ಲೆಕ್ಕದ ಪೆನ್ಸಿಲ್ ತಂದು ಬರೆದರು: "ಇದೆಲ್ಲ ಸುಳ್ಳು. ಎಂಟು ಸಲ ಹೋಗ್ತಾರೆ. ರಕ್ತ ಬೀಳ್ತೈತಿ. ಗುಳಿಗೆ ನಿಲ್ಲಿಸ್ತಾರಂತ ಹೆದರಿ ಹೇಳ್ತಿಲ್ಲ. ಇದು ಇವರ ಹೆಂಡತಿ ಬರೆದದ್ದು."

ಮರುದಿನ ಆಸ್ಪತ್ರೆಯಲ್ಲಿ ಅದನ್ನು ಓದಿ ಸಿಸ್ಟರ್ ಮುಖ ಬಿಳಿಚಿಕೊಂಡಿತು. ಗುಳಿಗೆಯಿಂದ ಕರುಳು ಹುಣ್ಣಾಗಿತ್ತು. ಇನ್ನು ಎರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಕರುಳು ವಾಸಿಯಾಯಿತು, ಗುಳಿಗೆ ಮಾತ್ರ ಪೂರ್ತಿ ನಿಂತುಹೋಯಿತು.

"ಇದ್ದದ್ದು ಒಂದೇ ದಾರಿ. ಅದನ್ನೂ ಮುಚ್ಚಿಬಿಟ್ಯಲ್ಲೇ," ಎಂದರು ಹಾಲೇಶಪ್ಪನವರು.

"ಇನ್ನ ಆ ಪುಸ್ತಕ ಮುಟ್ಟಿದ್ರೆ ಕೇಳ್ರಿ," ಎಂದಷ್ಟೇ ಹೇಳಿದರು ಕೊಟ್ರಮ್ಮ. ಆ ಮಾತು ಮೀರಲೂ ಇಲ್ಲ. ನನ್ನ ಸುತ್ತ ಕಸ ಗುಡಿಸುವಾಗಲೂ ನನಗೆ ಕೈ ತಾಗಿಸುತ್ತಿರಲಿಲ್ಲ.

ಗುಳಿಗೆ ನಿಂತರೂ ಬರೆಯುವುದು ನಿಲ್ಲಿಸಬೇಡಿ, ಹಿಂದೆ ಬರುವವರಿಗೆ ಬೇಕು ಎಂದಿದ್ದರು ಸಿಸ್ಟರ್. ಮನಸ್ಸಿಲ್ಲದ ಮನಸ್ಸಿನಿಂದ ಇವರು ನಿಜ ಬರೆಯತೊಡಗಿದರು. ಎಷ್ಟು ಹೆಜ್ಜೆಗೆ ಉಸಿರು ಕಟ್ಟಿತು, ಎಷ್ಟು ತುತ್ತು ಇಳಿಯಿತು, ಎಲ್ಲ. ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಗಂಡ ಹೆಂಡತಿ ಊಟಕ್ಕೆ, ಔಷಧಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು.

ನೂರಾ ಹನ್ನೆರಡನೇ ದಿನ, ಅದೇ ಆಸ್ಪತ್ರೆಯ ಬೆಂಚು. ಕೊಟ್ರಮ್ಮ ಗಂಜಿ ತರಲು ಹೋಗಿದ್ದರು. ಪಕ್ಕದಲ್ಲಿದ್ದ ಇಪ್ಪತ್ತಮೂರನೇ ನಂಬರಿನ ಹೆಂಗಸು ಮಾತು ತೆಗೆದಳು: "ನಂಗೂ ಹೊಟ್ಟೆ ಕೆಟ್ಟಿತ್ತು ಕಣಣ್ಣ. ಬೇಗ ಹಿಡಿದು ಗುಳಿಗೆ ಕಮ್ಮಿ ಮಾಡಿದ್ರು, ಸರಿಹೋಯ್ತು. ಪರವಾಗಿಲ್ಲ ಅಂದ್ರೆ ಸಿಸ್ಟರು ಬಿಡಲ್ಲ, ಎಷ್ಟು ಸಲ ಅಂತ ಎಣಿಸಿ ಹೇಳು ಅಂತಾರೆ. ಮೊದಲು ಯಾರೋ ಒಬ್ಬರ ಮನೆಯಾಕೆ ಬರೆದುಕೊಟ್ಟರಂತೆ, ಅವತ್ತಿಂದ ಹಿಂಗೆ."

ಹಾಲೇಶಪ್ಪನವರು ನನ್ನನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡರು. ಆಮೇಲೆ ಪೆನ್ನು ತೆಗೆದು, "ಇತರೆ" ಚೌಕ ಸಾಲದೆ ಅಂಚಿನವರೆಗೂ ಬರೆದು, ನನ್ನನ್ನು ಕೌಂಟರಿಗೆ ಕೊಟ್ಟರು. ಅಂದೇ ಉಸಿರು ಕಟ್ಟಿ ಮುಖಕ್ಕೆ ಮಾಸ್ಕ್ ಬಂತು. ಮಾತು ಮತ್ತೆ ಬರಲಿಲ್ಲ. ನಾಲ್ಕನೇ ದಿನ ಹೋಗಿಬಿಟ್ಟರು.

ಸಿಸ್ಟರ್ ಜೆಸಿಂತಾ ಆ ವಾರವೇ ಬೇರೆ ಆಸ್ಪತ್ರೆ ಸೇರಿದ್ದರು. ಹೊಸಬಳು ಉಸಿರು, ನೋವು, ಜ್ವರ, ಹೊಟ್ಟೆ ನೋಡಿ ಅಂಕಿ ಒತ್ತಿದಳು. "ಇತರೆ"ಗೆ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ.

ತಿಂಗಳ ಮೇಲೆ ಕೊಟ್ರಮ್ಮ ಬಂದರು, ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ವಾಪಸ್ ಕೊಡಲು. ನಾನು ಅದೇ ಮೇಜಿನ ಮೇಲಿದ್ದೆ. ನನ್ನನ್ನು ನೋಡಿದರು, ಮುಟ್ಟಲಿಲ್ಲ. ಹೊಸಬಳನ್ನು ಕೇಳಿದರು: "ಗುಳಿಗೆ ನಿಲ್ಲದೇ ಇದ್ದಿದ್ರೆ ಇನ್ನೊಂದಿಷ್ಟು ದಿನ ಇರ್ತಿದ್ರೇನವ್ವಾ?"

"ನಂಗೆ ಗೊತ್ತಿಲ್ಲಮ್ಮಾ," ಎಂದಳು ಅವಳು. ಕೊಟ್ರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೊರಟುಹೋದರು.

ಈಗ ನಾನು ದಾಖಲೆ ಕೋಣೆಯ ಪೆಟ್ಟಿಗೆಯಲ್ಲಿದ್ದೇನೆ. ಹದಿನೈದು ವರ್ಷ ಇಟ್ಟು ಆಮೇಲೆ ಚೂರು ಮಾಡುತ್ತಾರಂತೆ. ಅಕ್ಕಪಕ್ಕದವರು ಹಾಯಾಗಿ ಮಲಗಿದ್ದಾರೆ, ನನಗೆ ಮಾತ್ರ ನಿದ್ದೆಯಿಲ್ಲ. ನನ್ನ ನೂರಾ ಹನ್ನೆರಡನೇ ಪುಟದ "ಇತರೆ"ಯನ್ನು ಯಾರೂ ಓದಿಲ್ಲ. ಅಲ್ಲಿ ಹೀಗಿದೆ:

"ಸಿಸ್ಟರ್, ನನ್ನ ಹೆಂಡತಿ ಬರೆದದ್ದೇ ಸರಿ. ಅವಳು ಬರೀದಿದ್ರೆ ಈ ಎರಡು ತಿಂಗಳು ನನಗೆ ಇರ್ತಿರಲಿಲ್ಲ. ಅವಳ ಎದುರಿಗೆ ಹೇಳಾಕ ನನಗೆ ಬಾಯಿ ಬರ್ತಿಲ್ಲ. ನೀವೇ ಹೇಳಿಬಿಡ್ರಿ."