ನಲವತ್ತೇಳನೇ ಹಾಳೆ

ಆಶಾಳ ಪಿಎಚ್‌ಡಿ ಸಂಶೋಧನೆಗೆ ನೂರಿಪ್ಪತ್ತು ಮಂದಿ ಬೇಕಿತ್ತು. ಹದಿನೆಂಟು ದಾಟಿದವರು, ಕೈಯಲ್ಲಿ ಫೋನ್ ಇರುವವರು. ಸಕಲೇಶಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಅವಳಿಗೆ ಅಂಥವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಆಲೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಮುಗಿಸಿ, ಒಂದೊಂದೇ ತರಗತಿಗೆ ಹೋಗಿ ಇಪ್ಪತ್ತೊಂದು ಪ್ರಶ್ನೆಗಳ ಹಾಳೆ ಹಂಚಿದಳು. ಸಾಮಾಜಿಕ ಜಾಲತಾಣ ನೋಡುತ್ತೀರಾ, ನೋಡಿದ ಮೇಲೆ ಮನಸ್ಸು ಕುಗ್ಗುತ್ತದೆಯೇ, ನಿದ್ದೆ ಕೆಡುತ್ತದೆಯೇ, ಇಂಥವು. 'ಎಂದೂ ಇಲ್ಲ' ಎಂದರೆ ಸೊನ್ನೆ, 'ಹೆಚ್ಚುಕಡಿಮೆ ದಿನವೂ' ಎಂದರೆ ಮೂರು ಅಂಕ. ಮೂರು ತಿಂಗಳು ಬಿಟ್ಟು ಅದೇ ಮಂದಿ ಅದೇ ಹಾಳೆಯನ್ನು ಮತ್ತೊಮ್ಮೆ ತುಂಬಬೇಕು. ಹಾಳೆಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

"ನೀವು ಬರೆಯೋದು ಯಾರಿಗೂ ಗೊತ್ತಾಗಲ್ಲ. ನಿಮ್ಮ ಮನೆಯವರಿಗಂತೂ ಖಂಡಿತ ಇಲ್ಲ," ಎಂದು ಎಲ್ಲ ತರಗತಿಯಲ್ಲೂ ಹೇಳಿದ್ದಳು.

ನಲವತ್ತೇಳನೇ ಹಾಳೆ ಕೈಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ. 'ಬದುಕಿರುವುದೇ ಬೇಡ ಅನ್ನಿಸಿದೆಯೇ?' ಎಂಬ ಪ್ರಶ್ನೆಯ ಎದುರು 'ಹೆಚ್ಚುಕಡಿಮೆ ದಿನವೂ' ಎಂಬುದಕ್ಕೆ ಗುರುತು ಬಿದ್ದಿತ್ತು. ಪೆನ್ನು ಎರಡು ಸಲ ಓಡಾಡಿ ಆ ಗುರುತು ದಪ್ಪಗಾಗಿತ್ತು. ಆಶಾ ತನ್ನ ಮಾರ್ಗದರ್ಶಕರಾದ ಪ್ರೊಫೆಸರ್ ರಂಗಸ್ವಾಮಿಯವರಿಗೆ ಫೋನ್ ಮಾಡಿದಳು.

"ಎಲ್ಲರಿಗೂ ಸೇರಿಸಿ ಸಹಾಯವಾಣಿ ನಂಬರ್ ಬೋರ್ಡಿಗೆ ಹಾಕಿಸಿಬಿಡಮ್ಮ," ಎಂದರು ಅವರು. "ಹೆಸರು ಹುಡುಕೋಕೆ ಹೋಗಬೇಡ. ಕೊಟ್ಟ ಮಾತು ಮುರಿದರೆ ಅಧ್ಯಯನವೇ ಕೆಟ್ಟುಹೋಗುತ್ತೆ."

ಅವಳು ನಂಬರ್ ಹಾಕಿಸಿದಳು. ಸೋಮವಾರದವರೆಗೂ ತಡೆದುಕೊಂಡಳು. ಆಮೇಲೆ ಬೀಗ ತೆಗೆದು ಪಟ್ಟಿ ನೋಡಿದಳು. ಸ್ನೇಹಾ ಚಂದ್ರಶೇಖರ, ಎರಡನೇ ವರ್ಷದ ಬಿಕಾಂ, ದೋಣಿಗಲ್.

ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತರು. ಸ್ನೇಹಾ ಮೊದಲು ಏನೂ ಇಲ್ಲವೆಂದಳು. ಆಮೇಲೆ ಒಮ್ಮೆಲೇ ಎಲ್ಲವನ್ನೂ ಹೇಳಿಬಿಟ್ಟಳು. ಅವಳು ಸಣ್ಣಪುಟ್ಟ ವಿಡಿಯೋ ಮಾಡಿ ಹಾಕುತ್ತಿದ್ದಳಂತೆ. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗಳು, ಹಳಿಯ ಪಕ್ಕ ಬಿಟ್ಟ ಕಾಡುಹೂವು, ಅಮ್ಮ ಅಕ್ಕಿರೊಟ್ಟಿ ತಟ್ಟುವುದು. ಹಿಂದಿನಿಂದ ಇವಳೇ ಮಾತಾಡುವುದು, ಕೊನೆಗೊಮ್ಮೆ ಮುಖ ತೋರಿಸುವುದು. ಯಾರೋ ಒಬ್ಬ ಅದರಲ್ಲೊಂದನ್ನು ಎತ್ತಿಕೊಂಡು, ಇವಳು 'ಐತೆ', 'ಹೋಗ್ಬುಟ್ಟ' ಅನ್ನುವುದನ್ನು ಅಣಕಿಸಿ, ಇವಳ ಮುಂದಿನ ಹಲ್ಲುಗಳನ್ನು ದೊಡ್ಡದು ಮಾಡಿ ಹಾಕಿದ. ಅದನ್ನು ಲಕ್ಷಾಂತರ ಜನ ನೋಡಿದರು. ಕಾಲೇಜಿನ ಹುಡುಗರೂ ನೋಡಿದರು. ಈಗ ಅವಳು ಬಸ್ ಹತ್ತಿದರೆ ಹಿಂದಿನ ಸೀಟಿನಿಂದ ಯಾರಾದರೊಬ್ಬರು 'ಐತೆ ಐತೆ' ಎನ್ನುತ್ತಾರೆ.

"ನಾನೂರಾ ಹನ್ನೆರಡು ಕಮೆಂಟು ಮಿಸ್," ಎಂದಳು. "ಸುಮಾರು ಬಾಯಿಪಾಠ ಆಗ್ಬುಟ್ಟೈತೆ."

"ಅದನ್ನ ಯಾಕೆ ನೋಡ್ತೀಯ? ಫೋನ್ ಸ್ವಲ್ಪ ದಿನ ದೂರ ಇಡು."

"ನೋಡ್ದಿದ್ರೆ ಇನ್ನೇನ್ ಬರ್ದವ್ರೋ ಅಂತ ಜೀವ ಹೊಡ್ಕಂತೈತೆ. ಮತ್ತೆ..." ಸ್ನೇಹಾ ತಡೆದಳು. "ಅದ್ರಲ್ಲೇ ಒಬ್ಳು ಸಿಕ್ಕವ್ಳೆ. ಕಲಬುರಗಿ ಕಡೆಯೋಳು. ಅವ್ಳ ಮಾತನ್ನೂ ಹಿಂಗೇ ಆಡ್ಕಂಡಿದ್ರು. ದಿನಾ ಮಾತಾಡ್ತೀವಿ. ಅವ್ಳೊಬ್ಳಿಗೇ ಗೊತ್ತಾಗದು."

ಹಾಸನದಲ್ಲಿ ಒಳ್ಳೆಯ ಡಾಕ್ಟರಿದ್ದಾರೆ, ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು ಆಶಾ. ಸ್ನೇಹಾ ಯೋಚಿಸಿ ಹೇಳುತ್ತೇನೆ ಎಂದಳು. ಎದ್ದು ಹೋಗುವಾಗ ಆಶಾಳ ಮೊಣಕೈ ಹಿಡಿದು, "ಮನೇಲಿ ಮಾತ್ರ ಹೇಳ್ಬೇಡಿ ಮಿಸ್. ನಮ್ಮಪ್ಪ ಸುಮ್ನಿರಲ್ಲ," ಎಂದಳು.

"ಇಲ್ಲ. ನಿನ್ನ ಕೇಳದೆ ಹೇಳಲ್ಲ."

ಮುಂದಿನ ಗುರುವಾರ ಅವಳು ಕಾಲೇಜಿಗೆ ಬರಲಿಲ್ಲ. ಶುಕ್ರವಾರವೂ ಇಲ್ಲ. ಫೋನ್ ಸ್ವಿಚ್ ಆಫ್. ಜೊತೆಯ ಹುಡುಗಿಯರಿಗೂ ಏನೂ ಗೊತ್ತಿಲ್ಲ. ಆಶಾಳ ಕಣ್ಣಿಗೆ ಆ ದಪ್ಪ ಗುರುತೇ ಕಟ್ಟಿದಂತಾಗಿ, ಪಾಠ ಅರ್ಧಕ್ಕೆ ಬಿಟ್ಟು ದೋಣಿಗಲ್‌ಗೆ ಹೋಗುವ ಬಸ್ ಹತ್ತಿದಳು.

ಹೆದ್ದಾರಿಯ ಅಂಚಿನಲ್ಲಿ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ಬಾಗಿಲು ತೆರೆದ ಸ್ನೇಹಾಳ ತಾಯಿ ನಾಗರತ್ನಮ್ಮ ನಗುತ್ತಲೇ ಒಳಗೆ ಕರೆದರು. ಆಶಾ ಚಪ್ಪಲಿ ಕೂಡ ಬಿಡಲಿಲ್ಲ. "ಸ್ನೇಹಾ ಎಲ್ಲಿ? ಹುಷಾರಾಗಿದ್ದಾಳಾ? ಅವಳನ್ನ ಒಬ್ಬಳೇ ಬಿಡಬೇಡಿ. ಅವಳ ಮನಸ್ಸು ಸರಿ ಇಲ್ಲ, ಬದುಕೋದೇ ಬೇಡ ಅಂತ ಬರೆದಿದ್ದಾಳೆ," ಎಂದುಬಿಟ್ಟಳು.

"ಅಯ್ಯೋ, ಜ್ವರ ಬಂದು ಮಲ್ಗವ್ಳೆ ಕಣಮ್ಮ," ಎಂದ ನಾಗರತ್ನಮ್ಮನ ಮುಖ ಆಮೇಲೆ ನಿಧಾನವಾಗಿ ಇಳಿಯಿತು. "ಏನಂತ ಬರ್ದವ್ಳೆ?"

ಒಳಕೋಣೆಯ ಬಾಗಿಲಲ್ಲಿ ಸ್ನೇಹಾ ಶಾಲು ಹೊದ್ದು ನಿಂತಿದ್ದಳು. ಪಕ್ಕದಲ್ಲೇ ಚಾರ್ಜಿಗೆ ಹಾಕಿದ ಫೋನು.

ಅಂಗಡಿಯಿಂದ ಸ್ನೇಹಾಳ ಅಪ್ಪ ಚಂದ್ರಶೇಖರ ಬಂದರು. ಹೆಂಡತಿ ಹೇಳಿದ್ದನ್ನು ನಿಂತೇ ಕೇಳಿದರು. ಕೂಗಾಡಲಿಲ್ಲ, ಮಗಳ ಮೇಲೆ ಕೈ ಮಾಡಲಿಲ್ಲ. ಫೋನನ್ನು ಕಿತ್ತುಕೊಂಡು ಅಂಗಿ ಜೇಬಿಗೆ ಹಾಕಿಕೊಂಡರು.

"ಫೋನ್ ತಗೊಂಡರೆ ಸರಿಹೋಗಲ್ಲ ಸರ್," ಎಂದಳು ಆಶಾ. "ಡಾಕ್ಟರಿಗೆ ತೋರಿಸಿ. ನಾನೂ ಬರ್ತೀನಿ. ಅದರಲ್ಲಿ ಅವಳ ಸ್ನೇಹಿತೆ ಒಬ್ಬಳಿದ್ದಾಳೆ..."

"ಮೇಡಂ, ತಲೆ ಡಾಕ್ಟ್ರತ್ರ ಕರ್ಕೊಂಡೋದ್ರೆ ನಾಳೆ ಊರೆಲ್ಲ ಸುದ್ದಿ ಆಯ್ತದೆ. ಆಮ್ಯಾಕೆ ಇವಳನ್ನ ಯಾರ್ ಮಾಡ್ಕಂತಾರೆ? ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಇನ್ನು ನಾವು ನೋಡ್ಕಂತೀವಿ."

ಸೋಮವಾರದಿಂದ ಸ್ನೇಹಾಳ ಕಾಲೇಜೂ ನಿಂತಿತು. ಆಶಾ ಆಮೇಲೆ ಎರಡು ಸಲ ಹೋದಳು. ಎರಡೂ ಸಲ ಕಾಫಿ ಕೊಟ್ಟರು, ಹುಡುಗಿ ಮಲಗಿದ್ದಾಳೆ ಎಂದರು.

ಮೂರು ತಿಂಗಳು ಕಳೆದವು. ಎರಡನೇ ಸುತ್ತಿನ ಹಾಳೆಗಳನ್ನು ತುಂಬಿಸುವ ನೆಪದಲ್ಲಿ ಅವಳು ಮತ್ತೆ ಹೋದಾಗ ಸ್ನೇಹಾ ಹಜಾರದಲ್ಲೇ ಕೂತು ಕಾಳುಮೆಣಸು ಆರಿಸುತ್ತಿದ್ದಳು. ಇಳಿದು ಹೋಗಿದ್ದಳು. ತಾಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದಂತೆಯೇ ಪೆನ್ನು ತೆಗೆದುಕೊಂಡು, ಪ್ರಶ್ನೆ ಓದದೆ, ಇಪ್ಪತ್ತೊಂದಕ್ಕೂ 'ಎಂದೂ ಇಲ್ಲ' ಎಂಬುದಕ್ಕೆ ಗುರುತು ಹಾಕಿ ಕೊಟ್ಟಳು.

ನಾಗರತ್ನಮ್ಮ ಕಾಫಿಗೆಂದು ಎದ್ದಾಗ ಆಶಾ ಅವಳ ಹತ್ತಿರ ಸರಿದಳು. "ತಪ್ಪಾಯ್ತು ಸ್ನೇಹಾ. ನಂಗೆ ಭಯ ಆಗಿತ್ತು."

"ಬುಡಿ ಮಿಸ್."

"ಆ ಕಲಬುರಗಿ ಹುಡುಗಿಗೆ ನಾನು ಸುದ್ದಿ ಮುಟ್ಟಿಸ್ತೀನಿ. ನಂಬರ್ ಹೇಳು."

"ನಂಬರ್ ಎಲ್ಲೈತೆ? ಅದ್ರಲ್ಲೇ ಮಾತಾಡ್ತಿದ್ವಿ. ಅವ್ಳ ನಿಜವಾದ ಹೆಸ್ರೂ ಗೊತ್ತಿಲ್ಲ." ಸ್ನೇಹಾ ಮೆಣಸಿನ ಮೊರ ಎಳೆದುಕೊಂಡಳು. "ನಾನು ಏನಾದ್ರೂ ಮಾಡ್ಕಂಬುಟ್ನೇನೋ ಅನ್ಕಂಡಿರ್ತಾಳೆ. ದಿನಾ ರಾತ್ರಿ ಒಂದು ಮೆಸೇಜ್ ಹಾಕ್ಬೇಕು, ಹಾಕದಿದ್ರೆ ಹಂಗೆ ಅಂತ ಲೆಕ್ಕ ಮಾಡ್ಕಂಡಿದ್ವಿ."

ಆಶಾ ಅವಳಿಂದ ಖಾತೆಯ ಹೆಸರು ಬರೆಸಿಕೊಂಡಳು. ಬಸ್ ನಿಲ್ದಾಣದಲ್ಲಿ ನಿಂತು ಹುಡುಕಿದಳು, ಮರುದಿನವೂ ಹುಡುಕಿದಳು. ಆ ಹೆಸರಿನ ಖಾತೆ ಈಗ ಇರಲಿಲ್ಲ.

ರಂಗಸ್ವಾಮಿಯವರು ಎರಡು ಸುತ್ತಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ನಲವತ್ತೇಳರ ಹತ್ತಿರ ಬೆರಳಿಟ್ಟರು. "ಐವತ್ತೆರಡಿದ್ದದ್ದು ಸೊನ್ನೆ! ಫೋನ್ ಪೂರ್ತಿ ಬಿಟ್ಟವಳು ಇವಳೊಬ್ಬಳೇ ಅಲ್ವಾ? ಇದನ್ನ ಬೇರೆ ಅಧ್ಯಾಯವಾಗೇ ಬರಿ. ತುಂಬಾ ಮುಖ್ಯ."

"ಅದು ಸುಳ್ಳು ಸರ್. ಅವಳು ಅಮ್ಮನ ಮುಂದೆ ಕೂತು ಬರೆದದ್ದು."

"ಅಮ್ಮನ ಮುಂದೆ ಯಾಕೆ ಬರೆಸಿದೆ? ಅವಳ ಮನೆಗೆ ಯಾಕೆ ಹೋಗಿದ್ದೆ?" ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಈ ಹಾಳೆ ಕೈಬಿಟ್ಟರೆ ವಿಶ್ವವಿದ್ಯಾಲಯ ಕಾರಣ ಕೇಳುತ್ತೆ, ಉತ್ತರ ಬರೆದುಕೊಟ್ಟರೆ ನಾಲ್ಕು ವರ್ಷದ ಕೆಲಸ ಹೋಗುತ್ತೆ. ಬೇಕಾದರೆ ಬರೆದುಕೊಡು, ನಾನು ಬೇಡ ಅನ್ನಲ್ಲ."

ಆಶಾ ಎರಡು ವಾರ ತಡೆದಳು. ಆಮೇಲೆ ಸೊನ್ನೆಯನ್ನೇ ತುಂಬಿದಳು. ಆ ಅಧ್ಯಾಯವನ್ನೂ ಬರೆದಳು.

ಪ್ರಬಂಧ ಒಪ್ಪಿಸಿದ ವಾರವೇ ನಾಗರತ್ನಮ್ಮ ಫೋನ್ ಮಾಡಿದರು. ಸ್ನೇಹಾಳಿಗೆ ಸಂಬಂಧ ಕೂಡಿಬಂದಿದೆಯಂತೆ, ಮುಂದಿನ ತಿಂಗಳು ನಿಶ್ಚಿತಾರ್ಥ. "ನೀವು ಬರ್ಲೇಬೇಕು ಕಣಮ್ಮ. ನಮ್ಮ ಮಗಳನ್ನ ಉಳಿಸ್ಕೊಟ್ಟೋರು ನೀವು. ಬಿಸಿಲೆ ಊರಲ್ಲಿ ನಮ್ಮ ತಂಗಿ ಭದ್ರಮ್ಮನ ಮಗಳೂ ಇಪ್ಪತ್ನಾಲ್ಕು ಗಂಟೆ ಫೋನಲ್ಲೇ ಇರ್ತಾಳಂತೆ. ಒಂದ್ಸಲ ಬಂದು ಅವ್ರಪ್ಪಂಗೂ ಹಿಂಗೇ ಹೇಳ್ಬುಡಿ."

"ಸ್ನೇಹಾಗೆ ಸ್ವಲ್ಪ ಕೊಡ್ತೀರಾ?" ಎಂದಳು ಆಶಾ.

ಆ ಕಡೆ ತಾಯಿ ಮಗಳನ್ನು ಕೂಗುವುದು ಕೇಳಿಸಿತು. ಮತ್ತೊಮ್ಮೆ ಕೂಗಿದರು. ಹೆದ್ದಾರಿಯಲ್ಲಿ ಲಾರಿಯೊಂದು ಘಾಟಿ ಇಳಿಯುವ ಸದ್ದು ಬಂತು.

"ಇಲ್ಲೇ ಎದ್ರಿಗೇ ಕೂತವ್ಳೆ," ಎಂದರು ನಾಗರತ್ನಮ್ಮ, ದನಿಯಲ್ಲಿ ಹೆಮ್ಮೆಯಿತ್ತು. "ಕೊಟ್ರೂ ಇಸ್ಕಳಲ್ಲ ಕಣಮ್ಮ. ಈಗ ಫೋನೇ ಮುಟ್ಟಲ್ಲ."